ಕಂಪ್ಯೂಟರ್ ಸೈನ್ಸ್ ಸಂಶೋಧನೆಗೆ ಕಾಲೇಜು ಗ್ರಂಥಾಲಯವನ್ನು ಬಳಸುವ ಕ್ರಮ

ಎಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟ್ ಆರಂಭಿಸುವವರಿರಲಿ, ಎಂ.ಟೆಕ್ ಅಥವಾ ಎಂಸಿಎ ಪ್ರೌಢಪ್ರಬಂಧ ಬರೆಯುವವರಿರಲಿ, ಪಿಎಚ್‌.ಡಿಗೆ ಹೊಸದಾಗಿ ಹೆಸರು ನೋಂದಾಯಿಸಿದವರಿರಲಿ, ‘ಲಿಟರೇಚರ್ ಸರ್ವೇ (ವಿಷಯದ ಮೇಲೆ ಈವರೆಗೆ ಆಗಿರುವ ಕೆಲಸದ ಸಮೀಕ್ಷೆ) ಮಾಡಿಕೊಂಡು ಬನ್ನಿ’ ಎಂದು ಗೈಡ್ ಹೇಳಿದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ. ವಿಷಯದ ಹೆಸರನ್ನು ಗೂಗಲ್‌ನಲ್ಲಿ ಹಾಕಿ, ಮೊದಲ ಪುಟದಲ್ಲಿ ಪುಕ್ಕಟೆಯಾಗಿ ತೆರೆದುಕೊಂಡ ಲೇಖನಗಳನ್ನು ಇಳಿಸಿಕೊಂಡು, ಅವುಗಳ ಸಾರಾಂಶಗಳನ್ನು ಒಂದರ ಕೆಳಗೊಂದು ಜೋಡಿಸುತ್ತಾರೆ. ಹಣ ಕೇಳುವ ಪುಟ ಎದುರಾದರೆ ಅಲ್ಲಿಂದಲೇ ಹಿಂದಿರುಗುತ್ತಾರೆ. ಆ ಹಣವನ್ನು ಕಾಲೇಜೋ ವಿಶ್ವವಿದ್ಯಾಲಯವೋ ಸರ್ಕಾರವೋ ತಮ್ಮ ಪರವಾಗಿ ಆಗಲೇ ಕಟ್ಟಿರಬಹುದೆಂಬ ಸಂಗತಿ ಅವರಿಗೆ ತಿಳಿದಿರುವುದಿಲ್ಲ. ಹೀಗಾಗಿ ಸುಲಭವಾಗಿ ಸಿಕ್ಕಿದ್ದೇ ಆಧಾರವಾಗಿ, ವಿಷಯಕ್ಕೆ ನಿಜವಾಗಿ ಬೇಕಾದದ್ದು ಸಮೀಕ್ಷೆಯಿಂದ ಹೊರಗುಳಿಯುತ್ತದೆ.

ಕಂಪ್ಯೂಟರ್ ಸೈನ್ಸ್‌ನಂಥ ವಿಷಯಕ್ಕೆ ಗ್ರಂಥಾಲಯವೇಕೆ, ಎಲ್ಲವೂ ಅಂತರ್ಜಾಲದಲ್ಲಿದೆಯಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಂತರ್ಜಾಲದಲ್ಲಿ ಇರುವುದಕ್ಕೂ ಅದು ನಮ್ಮ ಕೈಗೆ ಸಿಗುವುದಕ್ಕೂ ನಡುವೆ ಗ್ರಂಥಾಲಯವಿದೆ. ಯಾವ ಬಗೆಯ ಬರಹವನ್ನು ಎಲ್ಲಿ, ಯಾವ ಅನುಕ್ರಮದಲ್ಲಿ ಹುಡುಕಬೇಕೆಂಬ ತಿಳಿವಳಿಕೆಯೂ ಅಲ್ಲೇ ದೊರೆಯುತ್ತದೆ. ಹೇಳುವುದು ಸ್ಪಷ್ಟವಾಗಲೆಂದು ಇಲ್ಲಿ ಒಂದೇ ವಿಷಯವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ: ಕೈಬರಹದ ಕನ್ನಡ ಅಂಕಿಗಳನ್ನು, ಅಂದರೆ ೦ಯಿಂದ ೯ರವರೆಗಿನ ಹತ್ತು ಚಿಹ್ನೆಗಳನ್ನು, ಕಂಪ್ಯೂಟರ್ ಗುರುತಿಸುವಂತೆ ಮಾಡುವುದು. ಕರ್ನಾಟಕದ ಕಾಲೇಜುಗಳಲ್ಲಿ ಇದನ್ನು ಪ್ರಾಜೆಕ್ಟ್ ಆಗಿ ಆಯ್ದುಕೊಳ್ಳುವವರು ಬಹಳ. ಆದರೆ ಇದರ ಹಿಂದಿನ ಕೆಲಸವನ್ನು ಪೂರ್ತಿ ನೋಡಿ ಆಮೇಲೆ ಆರಂಭಿಸುವವರು ಕಡಿಮೆ.

ಮೊದಲು ಗ್ರಂಥಪಾಲಕರ ಭೇಟಿ

ಹುಡುಕಲು ಕೂರುವ ಮೊದಲು ಗ್ರಂಥಪಾಲಕರನ್ನು ಕಂಡು ನಾಲ್ಕು ವಿಷಯಗಳನ್ನು ಕೇಳಿ ಬರೆದುಕೊಳ್ಳಿ. ಈ ವರ್ಷ ಕಾಲೇಜಿಗೆ ಯಾವ ಯಾವ ಪ್ರಕಾಶಕರ ಇ-ಸಂಪನ್ಮೂಲಗಳು ಲಭ್ಯವಿವೆ, ಹಾಸ್ಟೆಲ್ ಅಥವಾ ಮನೆಯಿಂದ ಅವನ್ನು ಓದಲು ಯಾವ ಲಾಗಿನ್ ಬೇಕು, ಇಲ್ಲಿ ಸಿಗದ ಲೇಖನವನ್ನೋ ಪುಸ್ತಕವನ್ನೋ ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ವ್ಯವಸ್ಥೆ ಇದೆಯೇ, ಹಿಂದಿನ ಬ್ಯಾಚುಗಳ ಪ್ರಾಜೆಕ್ಟ್ ವರದಿಗಳನ್ನು ಎಲ್ಲಿ ಇಟ್ಟಿದ್ದಾರೆ. ಈ ನಾಲ್ಕಕ್ಕೂ ಉತ್ತರ ಕಾಲೇಜಿನಿಂದ ಕಾಲೇಜಿಗೆ ಬೇರೆಯಾಗಿರುತ್ತದೆ. ಒಂದೇ ಕಾಲೇಜಿನಲ್ಲೂ ಚಂದಾ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದ್ದರಿಂದ ಸೀನಿಯರ್‌ಗಳು ಹೇಳಿದ್ದನ್ನು ನಂಬಿ ಕೂರದೆ ಸ್ವತಃ ಕೇಳುವುದು ಒಳ್ಳೆಯದು.

ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಈಗ ದೊಡ್ಡ ಅನುಕೂಲವೊಂದು ಒದಗಿದೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಡೆಸುವ ಉನ್ನತ ಶಿಕ್ಷಣ ಸಂಸ್ಥೆಗಳಿಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೂ ದೊರೆಯುತ್ತಿವೆ. 2025, 2026 ಮತ್ತು 2027ರ ಮೂರು ವರ್ಷಗಳಿಗಾಗಿ ಇದಕ್ಕೆ 6,000 ಕೋಟಿ ರೂಪಾಯಿ ಮೀಸಲಿಡಲಾಗಿದೆ. ಯೋಜನೆಯನ್ನು ನಿರ್ವಹಿಸುತ್ತಿರುವುದು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜಾಲದಲ್ಲಿ ಜೋಡಿಸುವ, ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ. ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡದ ಐಐಟಿ, ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಹಾಗೂ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವವರು ತಮ್ಮ ಸಂಸ್ಥೆ ಈ ಯೋಜನೆಯಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲು ವಿಚಾರಿಸಬೇಕು. ಖಾಸಗಿ ಕಾಲೇಜುಗಳು ಯೋಜನೆಯ ಮೊದಲ ಹಂತದಲ್ಲಿ ಸೇರಿಲ್ಲ. ಆದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ ಸಂಯೋಜಿತ ಕಾಲೇಜುಗಳಿಗಾಗಿ ಇ-ಸಂಪನ್ಮೂಲಗಳ ಕನ್ಸೋರ್ಷಿಯಂ (ಒಟ್ಟಾಗಿ ಚಂದಾ ಪಡೆಯುವ ಒಕ್ಕೂಟ) ನಡೆಸುತ್ತಿರುವುದರಿಂದ ವಿಟಿಯು ಕಾಲೇಜುಗಳವರು ಅದರಲ್ಲಿ ತಮಗೆ ಏನೇನು ದೊರೆಯುತ್ತದೆ ಎಂಬ ಪಟ್ಟಿಯನ್ನು ಗ್ರಂಥಪಾಲಕರಿಂದ ಪಡೆಯಬಹುದು.

ಪ್ರಕಾಶಕರ ಜಾಲತಾಣಕ್ಕೆ ನೀವು ಯಾವ ಕಾಲೇಜಿನವರೆಂದು ತಿಳಿಯುವುದು ಹೆಚ್ಚಾಗಿ ಕ್ಯಾಂಪಸ್ ನೆಟ್‌ವರ್ಕಿನ ಐಪಿ ವಿಳಾಸದಿಂದ. ಎಂಜಿನಿಯರುಗಳ ಸಂಘವಾದ ಐಇಇಇಯ ಲೇಖನ ಸಂಗ್ರಹ ಐಇಇಇ ಎಕ್ಸ್‌ಪ್ಲೋರ್‌ನಂಥ ತಾಣವನ್ನು ಕಾಲೇಜಿನಲ್ಲಿ ತೆರೆದಾಗ ಪುಟದ ಮೇಲ್ಭಾಗದಲ್ಲಿ ಕಾಲೇಜಿನ ಹೆಸರು ಕಂಡರೆ ಚಂದಾ ಕೆಲಸ ಮಾಡುತ್ತಿದೆ ಎಂದರ್ಥ. ಕಾಲೇಜಿನೊಳಗೇ ಇದ್ದು ಮೊಬೈಲ್ ಡೇಟಾದಲ್ಲಿ ತೆರೆದರೆ ಹೆಸರು ಬಾರದು, ಲೇಖನವೂ ತೆರೆಯದು. ಅನೇಕರು ಇಷ್ಟಕ್ಕೇ ಕಾಲೇಜಿಗೆ ಚಂದಾ ಇಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಕ್ಯಾಂಪಸ್ ಹೊರಗಿನಿಂದ ಓದಲು ಕೆಲವು ಕಾಲೇಜುಗಳು ನಿಂಬಸ್, ಮೈಲಾಫ್ಟ್, ರಿಮೋಟ್‌ಎಕ್ಸ್‌ಎಸ್‌ನಂಥ ಸೇವೆಗಳನ್ನು ಇಟ್ಟುಕೊಂಡಿವೆ, ಇನ್ನು ಕೆಲವು ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ಮೂಲಕ ಲಾಗಿನ್ ಕೊಡುತ್ತವೆ. ಲಾಗಿನ್ ಸಿಕ್ಕ ಮೇಲೆ ಒಂದು ಎಚ್ಚರ ಅಗತ್ಯ: ಸ್ಕ್ರಿಪ್ಟ್ ಬರೆದು ನೂರಾರು ಲೇಖನಗಳನ್ನು ಒಟ್ಟಿಗೆ ಇಳಿಸಿಕೊಂಡರೆ ಪ್ರಕಾಶಕರು ಇಡೀ ಕಾಲೇಜಿನ ಪ್ರವೇಶವನ್ನೇ ತಡೆಹಿಡಿಯುತ್ತಾರೆ. ಪ್ರೋಗ್ರಾಮಿಂಗ್ ಬಲ್ಲ ನಮ್ಮ ವಿಭಾಗದವರಿಂದಲೇ ಇಂಥದು ನಡೆಯುವ ಸಂಭವ ಹೆಚ್ಚು. ಒಬ್ಬರ ಅವಸರಕ್ಕೆ ಪರೀಕ್ಷೆಯ ಹೊತ್ತಿನಲ್ಲಿ ಉಳಿದವರೆಲ್ಲ ಪರದಾಡುವಂತಾಗಬಾರದು.

ಕಪಾಟುಗಳ ನಡುವೆ

ಸಂಶೋಧನಾ ಲೇಖನಗಳಿಗೆ ಕೈಹಾಕುವ ಮುನ್ನ ಪಠ್ಯಪುಸ್ತಕಗಳ ಕಪಾಟಿಗೆ ಹೋಗುವುದನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಲೇಖನಗಳನ್ನು ವಿಷಯ ಬಲ್ಲವರಿಗಾಗಿ ಬರೆದಿರುತ್ತಾರೆ. ಚಿತ್ರದ ಸಣ್ಣ ಸಣ್ಣ ಭಾಗಗಳ ಮೇಲೆ ನಡೆಸುವ ಗಣಿತಕ್ರಿಯೆಯಾದ ಕನ್ವಲ್ಯೂಷನ್ ಎಂದರೇನೆಂದು ಅಲ್ಲಿ ಯಾರೂ ವಿವರಿಸುವುದಿಲ್ಲ. ಆ ಅಡಿಪಾಯವನ್ನು ಪುಸ್ತಕದ ಒಂದೆರಡು ಅಧ್ಯಾಯಗಳಿಂದ ಹಾಕಿಕೊಂಡರೆ ಮುಂದಿನ ಓದು ಅರ್ಧದಷ್ಟು ಹಗುರಾಗುತ್ತದೆ.

ಬಹುತೇಕ ಕಾಲೇಜುಗಳಲ್ಲಿ ಪುಸ್ತಕಗಳನ್ನು ಡ್ಯೂಯಿ ದಶಮಾಂಶ ವರ್ಗೀಕರಣದಂತೆ ಜೋಡಿಸಿರುತ್ತಾರೆ. ಕಂಪ್ಯೂಟರ್ ಸೈನ್ಸ್‌ಗೆ ಅದರಲ್ಲಿ 004, 005 ಮತ್ತು 006 ಸಂಖ್ಯೆಗಳಿವೆ: ನೆಟ್‌ವರ್ಕ್ 004.6ರಲ್ಲಿ, ಡೇಟಾಬೇಸ್ 005.74ರಲ್ಲಿ, ಭದ್ರತೆ 005.8ರಲ್ಲಿ, ಕೃತಕ ಬುದ್ಧಿಮತ್ತೆ 006.3ರಲ್ಲಿ, ಪ್ಯಾಟರ್ನ್ ರೆಕಗ್ನಿಷನ್ 006.4ರಲ್ಲಿ. ಆದರೆ ನಮ್ಮ ಉದಾಹರಣೆಗೆ ಬೇಕಾದದ್ದೆಲ್ಲ ಈ ಸಾಲಿನಲ್ಲೇ ಸಿಗುವುದಿಲ್ಲ. ಡಿಜಿಟಲ್ ಇಮೇಜ್ ಪ್ರೊಸೆಸಿಂಗ್ ಪುಸ್ತಕಗಳು ಎಂಜಿನಿಯರಿಂಗ್ ಸಾಲಿನ 621.367ರಲ್ಲಿಯೂ, ಕಂಪ್ಯೂಟರ್ ಹಾರ್ಡ್‌ವೇರ್ 621.39ರಲ್ಲಿಯೂ, ಲೀನಿಯರ್ ಆಲ್ಜೀಬ್ರಾ 512.5ರಲ್ಲಿಯೂ, ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ 519ರಲ್ಲಿಯೂ ಇರುತ್ತವೆ. ಕನ್ನಡ ಭಾಷೆಯ ಮೇಲಿನ ಪುಸ್ತಕಗಳ ಸಂಖ್ಯೆ 494.814, ಲಿಪಿಯ ಬೆಳವಣಿಗೆ, ಅಕ್ಷರಗಳ ಆಕಾರದ ಬಗ್ಗೆ ತಿಳಿಯಬೇಕಾದರೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆ ಸಾಲು ಇರಲಾರದು, ಊರಿನ ಪದವಿ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಬೇಕಾಗುತ್ತದೆ. ಕನ್ನಡದ ೩ ಮತ್ತು ೭, ೬ ಮತ್ತು ೯ ಕೈಬರಹದಲ್ಲಿ ಒಂದರಂತೆ ಇನ್ನೊಂದು ಕಾಣಬಹುದಾದ್ದರಿಂದ ಈ ಓದು ಪ್ರಾಜೆಕ್ಟಿಗೆ ಹೊರಗಿನದು ಎಂದುಕೊಳ್ಳಬೇಡಿ.

ಗ್ರಂಥಾಲಯದ ಓಪ್ಯಾಕ್, ಅಂದರೆ ಕಂಪ್ಯೂಟರಿನಲ್ಲಿ ನೋಡುವ ಪುಸ್ತಕಸೂಚಿ, ಕೋಹಾ ಅಥವಾ ಸೋಲ್‌ನಂಥ ತಂತ್ರಾಂಶದಲ್ಲಿರುತ್ತದೆ. ಅದರಲ್ಲಿ ಶೀರ್ಷಿಕೆಯಿಂದ ಹುಡುಕುವುದಕ್ಕಿಂತ, ಒಂದು ಒಳ್ಳೆಯ ಪುಸ್ತಕ ಸಿಕ್ಕ ಮೇಲೆ ಅದರ ವರ್ಗ ಸಂಖ್ಯೆಯನ್ನು ಹಾಕಿ ಹುಡುಕಿದರೆ ಹೆಚ್ಚು ಫಲ ದೊರೆಯುತ್ತದೆ. ಇಶ್ಯೂ ಆಗಿ ಹೋಗಿರುವ ಪುಸ್ತಕವನ್ನು ರಿಸರ್ವ್ ಮಾಡಿಸಬಹುದು. ರೆಫರೆನ್ಸ್ ವಿಭಾಗದ ಪ್ರತಿಯನ್ನು ಮನೆಗೆ ಕೊಡುವುದಿಲ್ಲವಾದರೂ ಅಲ್ಲೇ ಕೂತು ಓದಬಹುದು.

ಹುಡುಕುವ ಪದಗಳನ್ನು ಬರೆದಿಟ್ಟುಕೊಳ್ಳಿ

ಡೇಟಾಬೇಸ್ ತೆರೆದ ಮೇಲೆ ಬಹಳ ಜನ ಸೋಲುವುದು ಪದಗಳ ಆಯ್ಕೆಯಲ್ಲಿ. ‘ಕನ್ನಡ ಹ್ಯಾಂಡ್‌ರಿಟನ್ ಡಿಜಿಟ್ ರೆಕಗ್ನಿಷನ್’ ಎಂದು ಇಂಗ್ಲಿಷಿನಲ್ಲಿ ಹುಡುಕಿದವರಿಗೆ ಒಂದಿಷ್ಟು ಲೇಖನ ಸಿಗುತ್ತವೆ. ಆದರೆ ಭಾರತೀಯ ಲಿಪಿಗಳ ಮೇಲೆ ಕೆಲಸ ಮಾಡಿದ ಅನೇಕರು ‘ಡಿಜಿಟ್’ ಬದಲು ‘ನ್ಯೂಮರಲ್’ ಎಂದು ಬರೆದಿದ್ದಾರೆ. ಕೆಲವರು ಅಂಕಿ ಅಕ್ಷರ ಎರಡನ್ನೂ ಸೇರಿಸಿ ‘ಕ್ಯಾರೆಕ್ಟರ್ ರೆಕಗ್ನಿಷನ್’ ಎಂದಿದ್ದಾರೆ. ಇನ್ನು ಕೆಲವರ ಶೀರ್ಷಿಕೆಯಲ್ಲಿ ಕನ್ನಡದ ಹೆಸರೇ ಇಲ್ಲ, ‘ಇಂಡಿಕ್ ಸ್ಕ್ರಿಪ್ಟ್ಸ್’ ಅಥವಾ ‘ಸೌತ್ ಇಂಡಿಯನ್ ಸ್ಕ್ರಿಪ್ಟ್ಸ್’ ಎಂದಿದೆ. ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರ್ ಓದುವುದು), ಡಾಕ್ಯುಮೆಂಟ್ ಅನಾಲಿಸಿಸ್ ಎಂಬ ಪದಗಳೂ ಬೇಕು. ಆದುದರಿಂದ ಒಂದು ಹಾಳೆಯಲ್ಲಿ ಮೂರು ಸಾಲು ಮಾಡಿ, ಮೊದಲನೆಯದರಲ್ಲಿ ಲಿಪಿಯ ಹೆಸರುಗಳನ್ನು, ಎರಡನೆಯದರಲ್ಲಿ ಗುರುತಿಸಬೇಕಾದ ವಸ್ತುವಿನ ಹೆಸರುಗಳನ್ನು, ಮೂರನೆಯದರಲ್ಲಿ ವಿಧಾನದ ಹೆಸರುಗಳನ್ನು ಬರೆದುಕೊಳ್ಳಿ. ಒಂದೇ ಸಾಲಿನ ಪದಗಳನ್ನು ‘ಆರ್’ ಎಂಬ ಇಂಗ್ಲಿಷ್ ಪದದಿಂದಲೂ, ಸಾಲು ಸಾಲುಗಳನ್ನು ‘ಆಂಡ್’ ಎಂಬುದರಿಂದಲೂ ಜೋಡಿಸಿ, ಬಿಡಿಸಬಾರದ ಪದಗುಚ್ಛಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಐಇಇಇ ಎಕ್ಸ್‌ಪ್ಲೋರ್ ಮತ್ತು ಕಂಪ್ಯೂಟಿಂಗ್ ಸಂಘವಾದ ಎಸಿಎಂನ ಡಿಜಿಟಲ್ ಲೈಬ್ರರಿಯ ಸುಧಾರಿತ ಹುಡುಕಾಟದಲ್ಲಿ ಇದನ್ನು ಬಳಸಬಹುದು. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಅದರ ಬೇರೆ ಬೇರೆ ರೂಪಗಳೂ ಸಿಗುತ್ತವೆ. ಯಾವ ದಿನ, ಯಾವ ತಾಣದಲ್ಲಿ, ಯಾವ ಪದಗಳಿಂದ ಹುಡುಕಿ ಎಷ್ಟು ಲೇಖನ ಸಿಕ್ಕವು ಎಂಬುದನ್ನು ಬರೆದಿಡುವುದು ಪಿಎಚ್‌.ಡಿ ಮಾಡುವವರಿಗಂತೂ ಅನಿವಾರ್ಯ.

ಈ ಶಾಸ್ತ್ರದ ಕೆಲಸ ಎಲ್ಲಿ ಪ್ರಕಟವಾಗುತ್ತದೆ

ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಮುಖ್ಯ ಕೆಲಸವೆಲ್ಲ ಜರ್ನಲ್‌ಗಳಲ್ಲಿ ಬರುತ್ತದೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಹಾಗಿಲ್ಲ. ಇಲ್ಲಿ ಹೊಸ ಕೆಲಸ ಮೊದಲು ಸಮ್ಮೇಳನಗಳಲ್ಲಿ ಮಂಡನೆಯಾಗಿ ಅವುಗಳ ಪ್ರೊಸೀಡಿಂಗ್ಸ್‌ನಲ್ಲಿ, ಅಂದರೆ ಅಲ್ಲಿ ಮಂಡಿಸಿದ ಲೇಖನಗಳ ಸಂಪುಟದಲ್ಲಿ, ಅಚ್ಚಾಗುತ್ತದೆ, ಹಲವು ಸಲ ಅಲ್ಲಿಗೇ ನಿಲ್ಲುತ್ತದೆ. ಒಳ್ಳೆಯ ಸಮ್ಮೇಳನದ ಲೇಖನವನ್ನು ಈ ಕ್ಷೇತ್ರದವರು ಜರ್ನಲ್ ಲೇಖನಕ್ಕೆ ಸಮನಾಗಿ, ಕೆಲವೊಮ್ಮೆ ಅದಕ್ಕಿಂತ ಮಿಗಿಲಾಗಿ ಕಾಣುತ್ತಾರೆ. ಬೇರೆ ವಿಭಾಗಗಳಿಂದ ಬಂದ ಸಲಹೆಯಂತೆ ಜರ್ನಲ್‌ಗಳನ್ನಷ್ಟೇ ಹುಡುಕಿದ ವಿದ್ಯಾರ್ಥಿಗೆ ತನ್ನ ವಿಷಯದ ಅರ್ಧಭಾಗ ಕಾಣದೆ ಹೋಗುತ್ತದೆ. ಬರಹವನ್ನು ಗುರುತಿಸುವ ನಮ್ಮ ಉದಾಹರಣೆಗೆ ಮುಖ್ಯ ಸಮ್ಮೇಳನ 1991ರಲ್ಲಿ ಆರಂಭವಾದ ಐಸಿಡಿಎಆರ್; ಇದರ 2019ರ ಪ್ರೊಸೀಡಿಂಗ್ಸ್ ಐಇಇಇಯಲ್ಲಿದ್ದರೆ 2021ರದು ಸ್ಪ್ರಿಂಗರ್‌ನ ಲೆಕ್ಚರ್ ನೋಟ್ಸ್ ಇನ್ ಕಂಪ್ಯೂಟರ್ ಸೈನ್ಸ್ ಮಾಲೆಯಲ್ಲಿದೆ. ಒಂದೇ ಸಮ್ಮೇಳನ ಎರಡು ಪ್ರಕಾಶಕರಲ್ಲಿ ಹಂಚಿಹೋಗಿರುವಾಗ ಒಂದೇ ತಾಣದಲ್ಲಿ ಹುಡುಕಿದರೆ ಸಾಲದು.

ಇಲ್ಲಿ ನೆರವಿಗೆ ಬರುವುದು ಡಿಬಿಎಲ್‌ಪಿ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಈ ಗ್ರಂಥಸೂಚಿಯನ್ನು ಈಗ ಡಾಗ್‌ಸ್ಟುಲ್ ಕೇಂದ್ರ ನಡೆಸುತ್ತಿದೆ. ಪೂರ್ಣಲೇಖನ ಇದರಲ್ಲಿಲ್ಲ, ಆದರೆ ಕಂಪ್ಯೂಟರ್ ಸೈನ್ಸ್‌ನ ಸಮ್ಮೇಳನ ಮತ್ತು ಜರ್ನಲ್‌ಗಳ ವರ್ಷವಾರು ವಿಷಯಸೂಚಿ, ಪ್ರತಿ ಲೇಖಕರ ಪ್ರಕಟಣೆಗಳ ಪಟ್ಟಿ, ಪ್ರಕಾಶಕರ ಪುಟಕ್ಕೆ ಕೊಂಡಿ ಎಲ್ಲವೂ ಉಚಿತವಾಗಿ ಸಿಗುತ್ತವೆ. ಐಸಿಡಿಎಆರ್‌ನ ಒಂದೊಂದು ವರ್ಷದ ವಿಷಯಸೂಚಿಯನ್ನು ಡಿಬಿಎಲ್‌ಪಿಯಲ್ಲಿ ಮೇಲಿನಿಂದ ಕೆಳಗೆ ಓದಿ, ಶೀರ್ಷಿಕೆ ನೋಡಿ ಗುರುತು ಹಾಕಿಕೊಂಡು, ಆಮೇಲೆ ಕಾಲೇಜಿನ ಲಾಗಿನ್‌ನಿಂದ ಪೂರ್ಣಲೇಖನ ತೆರೆಯುವುದು ನನ್ನ ಪ್ರಕಾರ ಯಾವ ಹುಡುಕುಯಂತ್ರಕ್ಕಿಂತಲೂ ಉತ್ತಮವಾದ ವಿಧಾನ, ಏಕೆಂದರೆ ಕೇಳಲು ಗೊತ್ತಿಲ್ಲದ ಪದಗಳೂ ಅಲ್ಲಿ ಕಣ್ಣಿಗೆ ಬೀಳುತ್ತವೆ.

ಎಲ್ಲದಕ್ಕೂ ಚಂದಾ ಬೇಕಿಲ್ಲ ಎಂಬುದನ್ನೂ ತಿಳಿದಿರಬೇಕು. ಎಸಿಎಂ ಸಂಸ್ಥೆ 1951ರಿಂದ 2000ದವರೆಗಿನ ತನ್ನ ಲೇಖನಗಳನ್ನು 2022ರಲ್ಲಿಯೇ ಮುಕ್ತಗೊಳಿಸಿತ್ತು. 2026ರ ಜನವರಿಯಿಂದ ತನ್ನ ಡಿಜಿಟಲ್ ಲೈಬ್ರರಿಯ ಪ್ರಕಟಣೆಗಳನ್ನು ಪೂರ್ಣ ಮುಕ್ತ ಪ್ರವೇಶಕ್ಕೆ ತಂದಿದೆ. ಕಂಪ್ಯೂಟರ್ ಸಿಸ್ಟಮ್ಸ್ ಕ್ಷೇತ್ರದ ಯೂಸ್‌ನಿಕ್ಸ್ ಸಮ್ಮೇಳನಗಳ ಲೇಖನಗಳು, ಕಂಪ್ಯೂಟರ್ ವಿಷನ್ ಸಮ್ಮೇಳನಗಳ ಸಿವಿಎಫ್ ಸಂಗ್ರಹ, ಭಾಷಾ ಸಂಸ್ಕರಣೆಯ ಎಸಿಎಲ್ ಆಂಥಾಲಜಿ ಇವೆಲ್ಲ ಉಚಿತ. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿಯ ‘ಸಾಧನಾ’ ಜರ್ನಲ್‌ನ ಲೇಖನಗಳನ್ನು ಅಕಾಡೆಮಿಯ ತಾಣದಲ್ಲಿಯೇ ಓದಬಹುದು. ಮುದ್ರಿತ ಕನ್ನಡವನ್ನು ಅಕ್ಷರದ ಶೈಲಿ ಮತ್ತು ಗಾತ್ರ ಯಾವುದೇ ಇದ್ದರೂ ಸಪೋರ್ಟ್ ವೆಕ್ಟರ್ ಮಷಿನ್ ಎಂಬ ಯಂತ್ರಕಲಿಕೆಯ ವಿಧಾನದಿಂದ ಗುರುತಿಸುವ ಓಸಿಆರ್ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಲೇಖನವೊಂದು 2002ರಲ್ಲಿ ಇದರಲ್ಲಿಯೇ ಪ್ರಕಟವಾಯಿತು. ಕನ್ನಡ ಓಸಿಆರ್ ಮೇಲೆ ಕೆಲಸ ಮಾಡುವವರು ಅದನ್ನು ಓದದೆ ಮುಂದೆ ಹೋಗಬಾರದು.

ಒಂದು ಲೇಖನದಿಂದ ಇನ್ನೊಂದಕ್ಕೆ

ಈಗ ಉದಾಹರಣೆಯನ್ನು ಪೂರ್ತಿ ನಡೆಸಿ ನೋಡೋಣ. ಹುಡುಕಾಟದಲ್ಲಿ ಮೊದಲು ಸಿಗುವುದು ಬಹುಶಃ 2019ರ ಆಗಸ್ಟ್‌ನಲ್ಲಿ ಆರ್ಕೈವ್‌ನಲ್ಲಿ ಪ್ರಕಟವಾದ ‘ಕನ್ನಡ-ಎಂನಿಸ್ಟ್’ ಲೇಖನ. ಅಲ್ಲಿ ಅದರ ಸಂಖ್ಯೆ 1908.01242. ಇಂಗ್ಲಿಷ್ ಅಂಕಿಗಳ ಪ್ರಸಿದ್ಧ ಎಂನಿಸ್ಟ್ ದತ್ತಾಂಶದ ಜಾಗದಲ್ಲಿ ನೇರವಾಗಿ ಬಳಸಬಹುದಾದ ಕನ್ನಡ ಅಂಕಿಗಳ ಚಿತ್ರಗಳನ್ನು ಈ ಕೆಲಸ ಒದಗಿಸಿತು. ಆರ್ಕೈವ್ 1991ರಿಂದ ನಡೆಯುತ್ತಿರುವ ಮುದ್ರಣಪೂರ್ವ ಲೇಖನಗಳ ಸಂಗ್ರಹ. ಅಲ್ಲಿನ ಲೇಖನಗಳು ತಜ್ಞರ ಪರಿಶೀಲನೆಗೆ ಒಳಪಟ್ಟಿರಲೇಬೇಕೆಂದಿಲ್ಲ, ಒಂದೇ ಲೇಖನಕ್ಕೆ ಹಲವು ಆವೃತ್ತಿಗಳೂ ಇರಬಹುದು. ಆದ್ದರಿಂದ ಲೇಖನ ಮುಂದೆ ಸಮ್ಮೇಳನದಲ್ಲೋ ಜರ್ನಲ್‌ನಲ್ಲೋ ಬಂದಿದೆಯೇ ಎಂದು ಡಿಬಿಎಲ್‌ಪಿಯಲ್ಲಿ ನೋಡಿ. ಬಂದಿದ್ದರೆ ಆ ಆವೃತ್ತಿಯನ್ನು, ಇಲ್ಲದಿದ್ದರೆ ಆರ್ಕೈವ್ ಸಂಖ್ಯೆಯೊಡನೆ ನೀವು ಓದಿದ ಆವೃತ್ತಿಯನ್ನು ಉಲ್ಲೇಖಿಸಿ.

ಕನ್ನಡ-ಎಂನಿಸ್ಟ್ ಲೇಖನದ ಸಾರಾಂಶದಲ್ಲಿಯೇ ಎರಡು ಸಂಖ್ಯೆಗಳಿವೆ. ಚಿತ್ರಗಳನ್ನು ಗುರುತಿಸಲು ಸಾಮಾನ್ಯವಾಗಿ ಬಳಸುವ ಕನ್ವಲ್ಯೂಷನಲ್ ನೆಟ್‌ವರ್ಕ್ ಎಂಬ ಮಾದರಿ ಮುಖ್ಯ ಪರೀಕ್ಷಾ ಚಿತ್ರಗಳಲ್ಲಿ ಶೇ 96.8ರಷ್ಟು ನಿಖರತೆ ಪಡೆದಿದೆ, ‘ಡಿಗ್-ಎಂನಿಸ್ಟ್’ ಎಂಬ ಇನ್ನೊಂದು ಗುಂಪಿನ ಚಿತ್ರಗಳಲ್ಲಿ ಶೇ 76.1ರಷ್ಟು ಮಾತ್ರ. ಸಾರಾಂಶವನ್ನು ನಕಲು ಮಾಡಿಕೊಂಡು ಹೋಗುವ ವಿದ್ಯಾರ್ಥಿಗೆ ಇವು ಎರಡು ಸಂಖ್ಯೆಗಳಷ್ಟೇ. ಒಳಗೆ ಓದಿದವರಿಗೆ ಕಾರಣ ಕಾಣುತ್ತದೆ: ಮುಖ್ಯ ಗುಂಪಿನ ಅಂಕಿಗಳನ್ನು ಬರೆದವರು ಕನ್ನಡ ಬಲ್ಲವರು, ಎರಡನೆಯ ಗುಂಪಿನವನ್ನು ಬರೆದವರು ಕನ್ನಡ ಲಿಪಿಯ ಬಳಕೆ ಇಲ್ಲದವರು. ಹಾಗಾದರೆ ಬರೆಯುವವರು ಬದಲಾದರೆ ಮಾದರಿ ಎಷ್ಟು ಸೋಲುತ್ತದೆ, ಅದನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆ ಹುಟ್ಟುತ್ತದೆ. ‘ಶೇ 99 ನಿಖರತೆ ಸಾಧಿಸುವುದು’ ಎಂಬ ಗುರಿಗಿಂತ ಇದು ಬಹಳ ಒಳ್ಳೆಯ ಪ್ರಾಜೆಕ್ಟ್.

ಇನ್ನು ಲೇಖನದ ಉಲ್ಲೇಖಪಟ್ಟಿಯಿಂದ ಹಿಂದಕ್ಕೆ ಹೋಗಬೇಕು. ಎಂನಿಸ್ಟ್‌ನ ಮೂಲವನ್ನು ಅರಸಿದರೆ ‘ಪ್ರೊಸೀಡಿಂಗ್ಸ್ ಆಫ್ ದಿ ಐಇಇಇ’ ಜರ್ನಲ್‌ನ 1998ರ ನವೆಂಬರ್ ಸಂಚಿಕೆಗೆ, ಅದರ 86ನೆಯ ಸಂಪುಟದ 2278ನೆಯ ಪುಟಕ್ಕೆ ಬಂದು ತಲಪುತ್ತೇವೆ. ಇದನ್ನು ಸಾವಿರಾರು ವರದಿಗಳು ಉಲ್ಲೇಖಿಸುತ್ತವೆ, ಓದಿದವರು ಮಾತ್ರ ಕಡಿಮೆ. ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿಯ ಎರಡು ಸಂಗ್ರಹಗಳನ್ನು ಬೆರೆಸಿ ಎಂನಿಸ್ಟ್ ಮಾಡಿದ ಬಗೆ ಅಲ್ಲಿ ವಿವರವಾಗಿದೆ. ಒಂದು ಸಂಗ್ರಹ ಜನಗಣತಿ ಇಲಾಖೆಯ ನೌಕರರು ಬರೆದದ್ದು, ಇನ್ನೊಂದು ಹೈಸ್ಕೂಲು ವಿದ್ಯಾರ್ಥಿಗಳು ಬರೆದದ್ದು. ಮೊದಲನೆಯದು ಸ್ವಚ್ಛವಾಗಿದ್ದು ಗುರುತಿಸಲು ಸುಲಭವಾಗಿತ್ತು. ಕಂಪ್ಯೂಟರಿಗೆ ಕಲಿಸುವ ತರಬೇತಿಗೆ ಒಂದು, ಕಲಿತದ್ದನ್ನು ಅಳೆಯುವ ಪರೀಕ್ಷೆಗೆ ಇನ್ನೊಂದು ಬಳಸಿದರೆ ಫಲಿತಾಂಶ ವಾಲುತ್ತದೆಂದು ಎರಡನ್ನೂ ಬೆರೆಸಿ 60,000 ತರಬೇತಿ ಚಿತ್ರಗಳನ್ನೂ 10,000 ಪರೀಕ್ಷಾ ಚಿತ್ರಗಳನ್ನೂ ಸಿದ್ಧಪಡಿಸಿದರು. 2019ರ ಕನ್ನಡ ಕೆಲಸದಲ್ಲಿ ಕಂಡ ಪ್ರಶ್ನೆಯೇ 1998ರ ಲೇಖನದಲ್ಲಿಯೂ ಇದೆ. ಇದು ಎರಡು ಲೇಖನಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗಷ್ಟೇ ಸಿಗುವ ತಿಳಿವಳಿಕೆ. ಲಿಟರೇಚರ್ ಸರ್ವೇ ಎಂದರೆ ನಾನು ತಿಳಿದಿರುವುದು ಇದನ್ನೇ.

ಹಿಂದಕ್ಕೆ ಹೋದಂತೆ ಮುಂದಕ್ಕೂ ಬರಬೇಕು. ಗೂಗಲ್ ಸ್ಕಾಲರ್ ಅಥವಾ ಸೆಮ್ಯಾಂಟಿಕ್ ಸ್ಕಾಲರ್‌ನಲ್ಲಿ 2019ರ ಲೇಖನವನ್ನು ಯಾರು ಯಾರು ಉಲ್ಲೇಖಿಸಿದ್ದಾರೆಂಬ ಪಟ್ಟಿ ತೆರೆದು, ಅದರೊಳಗೆ ನಿಮ್ಮ ಪದಗಳಿಂದ ಮತ್ತೆ ಹುಡುಕಿ. ಗೂಗಲ್ ಸ್ಕಾಲರ್‌ನ ಸೆಟ್ಟಿಂಗ್ಸ್‌ನಲ್ಲಿರುವ ಲೈಬ್ರರಿ ಲಿಂಕ್ಸ್‌ನಲ್ಲಿ ನಿಮ್ಮ ಸಂಸ್ಥೆಯ ಹೆಸರಿದ್ದರೆ ಅದನ್ನು ಆಯ್ದುಕೊಳ್ಳಿ. ಆಗ ಕಾಲೇಜಿನ ಚಂದಾದಲ್ಲಿ ಸಿಗುವ ಲೇಖನಗಳ ಪಕ್ಕದಲ್ಲೇ ಕೊಂಡಿ ಕಾಣಿಸುತ್ತದೆ.

ಲೇಖನ ತೆರೆಯದಿದ್ದಾಗ

ಕಾಲೇಜಿನ ಲಾಗಿನ್‌ನಿಂದಲೂ ತೆರೆಯದ ಲೇಖನಕ್ಕೆ ಮೊದಲು ಅನ್‌ಪೇವಾಲ್ ಎಂಬ ಬ್ರೌಸರ್ ವಿಸ್ತರಣೆಯ ಮೂಲಕ, ಆಮೇಲೆ ಲೇಖಕರ ಸ್ವಂತ ಪುಟದಲ್ಲಿ ಉಚಿತ ಪ್ರತಿ ಇದೆಯೇ ನೋಡಿ. ಇಲ್ಲದಿದ್ದರೆ ಗ್ರಂಥಪಾಲಕರ ಬಳಿ ಹೋಗಿ. ಅನೇಕ ಎಂಜಿನಿಯರಿಂಗ್ ಕಾಲೇಜುಗಳು ದೆಹಲಿಯ ಡೆಲ್‌ನೆಟ್‌ನ ಸದಸ್ಯರಾಗಿವೆ; 1988ರಲ್ಲಿ ಆರಂಭವಾದ ಈ ಜಾಲದ ಮೂಲಕ ಬೇರೆ ಗ್ರಂಥಾಲಯದ ಪುಸ್ತಕವನ್ನು ಎರವಲು ತರಿಸಬಹುದು, ಲೇಖನದ ಪ್ರತಿಯನ್ನೂ ಪಡೆಯಬಹುದು. ಶೀರ್ಷಿಕೆ, ಲೇಖಕರು, ವರ್ಷ, ಪುಟಸಂಖ್ಯೆ, ಡಿಒಐ (ಲೇಖನದ ಶಾಶ್ವತ ಗುರುತಿನ ಸಂಖ್ಯೆ) ಎಲ್ಲವನ್ನೂ ಬರೆದುಕೊಟ್ಟರೆ ಅವರ ಕೆಲಸ ಬೇಗ ಆಗುತ್ತದೆ. ಲೇಖಕರಿಗೆ ನೇರವಾಗಿ ಇಮೇಲ್ ಬರೆದು ಒಂದು ಪ್ರತಿ ಕೇಳುವುದೂ ಸಂಕೋಚದ ವಿಷಯವಲ್ಲ. ನೀವು ಯಾರು, ಯಾವ ಕೆಲಸಕ್ಕೆ ಬೇಕು ಎಂದು ನಾಲ್ಕು ಸಾಲಿನಲ್ಲಿ ತಿಳಿಸಿದರೆ ಸಂತೋಷದಿಂದ ಕಳಿಸುವವರು ಬಹಳ ಮಂದಿ.

ಪ್ರಬಂಧಗಳು ಮತ್ತು ಹಳೆಯ ವರದಿಗಳು

ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ ಪ್ರಬಂಧಗಳು ಅಧ್ಯಾಯವಾರು ಉಚಿತವಾಗಿ ಸಿಗುತ್ತವೆ. ಕನ್ನಡ ಅಕ್ಷರ ಮತ್ತು ಅಂಕಿಗಳನ್ನು ಗುರುತಿಸುವುದರ ಮೇಲೆ ಮೈಸೂರು ವಿಶ್ವವಿದ್ಯಾಲಯ, ಗುಲ್ಬರ್ಗ ವಿಶ್ವವಿದ್ಯಾಲಯಗಳಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ. ಹೊರದೇಶದ ಡೇಟಾಬೇಸ್‌ಗಳಲ್ಲಿ ಸುಲಭವಾಗಿ ಕಾಣದ ಎಷ್ಟೋ ವಿವರ ಇಂಥ ಪ್ರಬಂಧಗಳಲ್ಲಿದೆ. ಎರಡನೆಯ ಅಧ್ಯಾಯ ಸಾಮಾನ್ಯವಾಗಿ ಸಾಹಿತ್ಯ ಸಮೀಕ್ಷೆಯಾಗಿರುತ್ತದೆ. ಅದನ್ನು ಓದಿ ಅಲ್ಲಿ ಹೆಸರಿಸಿದ ಮೂಲ ಲೇಖನಗಳಿಗೆ ಹೋಗಬೇಕೇ ಹೊರತು ಆ ಅಧ್ಯಾಯವನ್ನೇ ನಿಮ್ಮದಾಗಿಸಿಕೊಳ್ಳಬಾರದು. ಕಾಲೇಜಿನ ಹಳೆಯ ಪ್ರಾಜೆಕ್ಟ್ ವರದಿಗಳನ್ನು ತಿರುವಿ ನೋಡಿದರೆ ನಿಮ್ಮ ಲ್ಯಾಬಿನಲ್ಲಿಯೇ ಯಾರಾದರೂ ಇದನ್ನು ಮಾಡಿದ್ದಾರೆಯೇ, ಎಲ್ಲಿ ನಿಲ್ಲಿಸಿದರು ಎಂಬುದು ತಿಳಿಯುತ್ತದೆ.

ಯಾವುದನ್ನು ನಂಬಬೇಕು

ಹಣ ಪಡೆದು ಏನನ್ನಾದರೂ ಪ್ರಕಟಿಸುವ ಜರ್ನಲ್‌ಗಳು ನಮ್ಮ ಕ್ಷೇತ್ರದಲ್ಲಿ ತುಂಬಿವೆ. ಅವು ಉಚಿತವಾಗಿ ತೆರೆದುಕೊಳ್ಳುವುದರಿಂದ ಹುಡುಕಾಟದಲ್ಲಿ ಮುಂದೆ ಬಂದು ನಿಲ್ಲುತ್ತವೆ. ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ ಈಗ ಪಟ್ಟಿಯಲ್ಲಿದೆಯೇ ಎಂದು ನೋಡಿ ಸುಮ್ಮನಾಗುವ ಹಾಗಿಲ್ಲ, ನಿರ್ಣಯ ಓದುಗರ ಮೇಲೆಯೇ ಬಿದ್ದಿದೆ. ಲೇಖನ ಬಂದಿರುವ ಜಾಗ ಡಿಬಿಎಲ್‌ಪಿಯಲ್ಲಿ ದಾಖಲಾಗಿದೆಯೇ, ಸಂಪಾದಕ ಮಂಡಳಿಯಲ್ಲಿ ಈ ವಿಷಯ ಬಲ್ಲವರಿದ್ದಾರೆಯೇ, ದತ್ತಾಂಶ ಎಲ್ಲಿಂದ ಬಂತು, ತರಬೇತಿಯ ಚಿತ್ರಗಳೂ ಪರೀಕ್ಷೆಯ ಚಿತ್ರಗಳೂ ಬೇರೆಯಾಗಿದ್ದವೇ ಎಂಬುದನ್ನು ಹೇಳಿದ್ದಾರೆಯೇ ಎಂದು ನೋಡಿ. ನೂರಕ್ಕೆ ತೊಂಬತ್ತೊಂಬತ್ತು ನಿಖರತೆ ಎಂದು ಬರೆದು ದತ್ತಾಂಶದ ಬಗ್ಗೆ ಒಂದು ಮಾತನ್ನೂ ಹೇಳದ ಲೇಖನವನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ. ಚಾಟ್‌ಬಾಟ್‌ಗಳು ಕೊಡುವ ಉಲ್ಲೇಖಗಳಿಗೂ ಇದೇ ಮಾತು: ಇಲ್ಲದ ಲೇಖನಗಳನ್ನು ಇದ್ದಂತೆ ಬರೆದುಕೊಡುವುದು ಅವುಗಳಲ್ಲಿ ಕಂಡುಬಂದಿರುವ ದೋಷವಾದ್ದರಿಂದ, ಪ್ರತಿಯೊಂದರ ಡಿಒಐ ತೆರೆದು ಲೇಖನವನ್ನು ಕಣ್ಣಾರೆ ನೋಡಿದ ಮೇಲಷ್ಟೇ ಪಟ್ಟಿಗೆ ಸೇರಿಸಿ.

ಟಿಪ್ಪಣಿ, ಉಲ್ಲೇಖ, ಸಾಮ್ಯತೆಯ ಪರೀಕ್ಷೆ

ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ಎಂಬ ಉಚಿತ ತಂತ್ರಾಂಶದಲ್ಲಿ ಮೊದಲ ದಿನದಿಂದಲೇ ಲೇಖನಗಳನ್ನು ಸೇರಿಸುತ್ತ ಬನ್ನಿ. ಲೇಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶದಲ್ಲಿ ಬರೆಯುವವರು ಅದರ ಉಲ್ಲೇಖದ ರೂಪವಾದ ಬಿಬ್‌ಟೆಕ್ ನಮೂದನ್ನು ಡಿಬಿಎಲ್‌ಪಿಯಿಂದ ಹಾಗೆಯೇ ತೆಗೆದುಕೊಳ್ಳಬಹುದು. ಪ್ರತಿ ಲೇಖನಕ್ಕೂ ಪ್ರಶ್ನೆ, ದತ್ತಾಂಶ, ವಿಧಾನ, ಫಲಿತಾಂಶ, ಉಳಿದ ಕೊರತೆ ಎಂಬ ಐದು ಕಲಂಗಳಲ್ಲಿ, ಲೇಖನವನ್ನು ಮುಚ್ಚಿಟ್ಟು, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆದುಕೊಂಡರೂ ಆದೀತು. ಮೂಲದ ಇಂಗ್ಲಿಷ್ ವಾಕ್ಯಗಳು ಆಗ ವರದಿಯೊಳಗೆ ನುಸುಳುವುದೇ ಇಲ್ಲ.

ಯುಜಿಸಿಯ 2018ರ ನಿಯಮಗಳ ಪ್ರಕಾರ ಪ್ರಬಂಧದಲ್ಲಿ ಬೇರೆ ಬರಹಗಳೊಡನೆ ಶೇ 10ರವರೆಗಿನ ಸಾಮ್ಯತೆಗೆ ದಂಡವಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಸಲ್ಲಿಸಬೇಕು, 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಉದ್ಧರಣೆಗಳು, ಉಲ್ಲೇಖಪಟ್ಟಿ, ಪರಿವಿಡಿ, ಕೃತಜ್ಞತೆ, ಪ್ರಮಾಣಿತ ಸಮೀಕರಣಗಳು ಲೆಕ್ಕಕ್ಕೆ ಬರುವುದಿಲ್ಲ. ಸತತ 14 ಪದಗಳವರೆಗಿನ ಆಕಸ್ಮಿಕ ಹೋಲಿಕೆಗೂ ವಿನಾಯಿತಿ ಇದೆ. ವಿಶ್ವವಿದ್ಯಾಲಯಗಳಿಗೆ ಇನ್‌ಫ್ಲಿಬ್‌ನೆಟ್ 2019ರಿಂದ ‘ಶೋಧಶುದ್ಧಿ’ ಯೋಜನೆಯಡಿ ಪರೀಕ್ಷಾ ತಂತ್ರಾಂಶ ಒದಗಿಸುತ್ತಿದೆ, ಅದನ್ನು ಸಾಮಾನ್ಯವಾಗಿ ಗ್ರಂಥಾಲಯವೇ ನಿರ್ವಹಿಸುತ್ತದೆ. ಸಲ್ಲಿಕೆಯ ಹಿಂದಿನ ದಿನ ಓಡಿಹೋಗದೆ, ಸಮೀಕ್ಷೆಯ ಅಧ್ಯಾಯ ಮುಗಿದ ಕೂಡಲೇ ಒಮ್ಮೆ ಪರೀಕ್ಷಿಸಿಕೊಡುವಂತೆ ಕೇಳಿ. ಅಂತಿಮ ವರದಿಯನ್ನು ಗ್ರಂಥಾಲಯಕ್ಕೆ ಕೊಡುವಾಗ ಬೈಂಡ್ ಮಾಡಿದ ಪ್ರತಿಯ ಜೊತೆಗೆ ಕೋಡ್, ಬಳಸಿದ ದತ್ತಾಂಶದ ಆವೃತ್ತಿ ಮತ್ತು ನಿಮ್ಮ ಹುಡುಕಾಟದ ದಾಖಲೆ ಇರುವ ಸಾಫ್ಟ್ ಕಾಪಿಯನ್ನೂ ಕೊಟ್ಟು, ಅದನ್ನು ಓಪ್ಯಾಕ್‌ನಲ್ಲಿ ನಮೂದಿಸುವಂತೆ ಗ್ರಂಥಪಾಲಕರಲ್ಲಿ ವಿನಂತಿಸಿ.